ಮೊದಲು ಡೋಲು, ಆಮೇಲೆ ಮಾತು

ರ‍್ಯಾಪ್ ಎಂದರೆ ಹಾಡಲು ಬಾರದವರ ವಟವಟ ಎಂದು ಮೂಗು ಮುರಿಯುವವರಿಗೆ ನಾನು ಮೊದಲು ತೋರಿಸುವುದು ‘ಪ್ರೇಯರ್ ಲೂಪ್ ಸಾಂಗ್’ ಎಂಬ ವಿಡಿಯೊ. ಹಾಡಿದವರು ಕ್ರಿಶ್ಚಿಯನ್ ಪ್ಯಾರಿಶ್ ಟೇಕ್ಸ್ ದ ಗನ್. ಕೇಳುಗರಿಗೆ ಅವರು ಸೂಪಾಮ್ಯಾನ್. ಅಮೆರಿಕದ ಮೊಂಟಾನಾದಲ್ಲಿ ನೆಲೆಸಿರುವ ಅಪ್ಸಾಲೊಕೆ ಎಂಬ ಮೂಲನಿವಾಸಿ ಜನಾಂಗದವರು. ಹೊರಗಿನವರು ಈ ಜನರನ್ನು ಕ್ರೋ ಎನ್ನುತ್ತಾರೆ.

ಮೊದಲ ಸಲ ಇಂಗ್ಲಿಷ್ ಪದಗಳ ಬೆನ್ನು ಹತ್ತಬೇಡಿ. ಅವರ ಕೈ ನೋಡಿ. ನಮ್ಮ ತಮಟೆಯ ಹಾಗೆ ಒಂದೇ ಮುಖದ ಡೋಲನ್ನು ಬಡಿಯುತ್ತಾರೆ. ಪಕ್ಕದ ಪುಟ್ಟ ಯಂತ್ರ ಆ ಪೆಟ್ಟನ್ನು ಹಿಡಿದಿಟ್ಟುಕೊಂಡು ಮತ್ತೆ ಮತ್ತೆ ನುಡಿಸುತ್ತದೆ. ಇದೇ ಲೂಪ್. ಇದರ ಜೊತೆಗೆ ಕೊಳಲು, ಪೂರ್ವಿಕರ ಧಾಟಿಯ ದನಿ, ಬಾಯಲ್ಲೇ ಹೊರಡಿಸುವ ಬೀಟ್‌ಬಾಕ್ಸ್, ರೆಕಾರ್ಡ್ ತಟ್ಟೆಯನ್ನು ಬೆರಳಿನಿಂದ ಹಿಂದೆಮುಂದೆ ಎಳೆದು ತೆಗೆಯುವ ಕೆರೆತ, ಎಲ್ಲವೂ ಒಂದೊಂದಾಗಿ ಸೇರುತ್ತವೆ. ಒಬ್ಬರೇ ನಿಂತು ಮೇಳ ಕಟ್ಟುತ್ತಾರೆ. ಮಾತು ಬರುವುದು ಅದರ ಮೇಲೆ.

ಎರಡನೇ ಸಲ ತೊಡೆಯ ಮೇಲೆ ನಾಲ್ಕು ಎಣಿಕೆಯ ತಾಳ ಹಾಕಿ. ಹಳಗನ್ನಡ ಪದ್ಯ ಓದಿದವರ ಕಿವಿ ಪ್ರಾಸವನ್ನು ಸಾಲಿನ ಎರಡನೇ ಅಕ್ಷರದಲ್ಲಿ ಹುಡುಕುತ್ತದೆ. ರ‍್ಯಾಪ್‌ನಲ್ಲಿ ಅದು ಹೆಚ್ಚಾಗಿ ಸಾಲಿನ ಕೊನೆಗೆ ಬರುತ್ತದೆ, ಒಮ್ಮೊಮ್ಮೆ ನಡುವೆಯೂ ಇಣುಕುತ್ತದೆ. ಮಾತು ತಾಳಕ್ಕಿಂತ ತುಸು ಮುಂದೆ ಓಡುವುದು, ಬೇಕೆಂದೇ ಹಿಂದೆ ಉಳಿಯುವುದು, ಮತ್ತೆ ಪೆಟ್ಟಿಗೆ ಸರಿಯಾಗಿ ಬಂದು ಕೂರುವುದು: ಸುಖ ಇರುವುದು ಅಲ್ಲಿ.

ಇನ್ನು ಉಡುಗೆ. ಬೆನ್ನ ಮೇಲೆ ಚಕ್ರದಂತೆ ಬಿಚ್ಚಿಕೊಂಡ ಗರಿಗಳು, ಮಣಿಯ ಕುಸುರಿ. ದಯವಿಟ್ಟು ಇದನ್ನು ವೇಷ ಎನ್ನಬೇಡಿ. ಇದು ‘ಫ್ಯಾನ್ಸಿ ಡ್ಯಾನ್ಸ್’ ಕುಣಿಯುವವರ ಉಡುಗೆ, ಸೂಪಾಮ್ಯಾನ್ ಆ ಕುಣಿತದಲ್ಲೂ ಪಳಗಿದವರು. 1883ರಲ್ಲಿ ಅಮೆರಿಕ ಸರ್ಕಾರ ಮೂಲನಿವಾಸಿಗಳ ಹಲವು ಕುಣಿತಗಳನ್ನು ಅಪರಾಧವೆಂದು ಸಾರಿ, ಕುಣಿದವರ ಪಡಿತರ ತಡೆಯುವ ನಿಯಮ ತಂದಿತ್ತು. ಅಂಥ ಜನರ ಮಗ ಗರಿ ಕಟ್ಟಿಕೊಂಡು ಮೈಕಿನ ಮುಂದೆ ನಿಂತಿದ್ದಾನೆ ಎನ್ನುವುದೇ ಅರ್ಧ ಮಾತು.

ಕುಡಿತಕ್ಕೆ ಸಿಕ್ಕ ತಂದೆತಾಯಿ, ಸಾಕುಮನೆಯ ದಿನಗಳು, ಆಮೇಲೆ ಅಜ್ಜನ ಆಸರೆ. ಅವರ ಬಾಲ್ಯ ಹೀಗಿತ್ತು. ಇದನ್ನು ತಿಳಿದು ‘ಅಯ್ಯೋ ಪಾಪ’ ಎನ್ನುತ್ತ ಕೇಳಲು ಕೂತರೆ ಹಾಡು ಕೈತಪ್ಪುತ್ತದೆ. ಅವರು ಕನಿಕರ ಬೇಡುತ್ತಿಲ್ಲ, ನೊಂದವರಿಗಾಗಿ ಪ್ರಾರ್ಥಿಸುತ್ತಿದ್ದಾರೆ. ಹೋರಾಟದ ಜೊತೆಗೂ ನಿಂತಿದ್ದಾರೆ. ಸ್ಟ್ಯಾಂಡಿಂಗ್ ರಾಕ್ ಎಂಬ ಮೂಲನಿವಾಸಿ ನೆಲೆಯ ಜನ ತಮ್ಮ ನೀರಿನ ಮೂಲವಾದ ಮಿಸೌರಿ ನದಿಯಡಿ ತೈಲ ಕೊಳವೆ ಹಾಯಿಸಬಾರದೆಂದು 2016ರಲ್ಲಿ ಬೀಡುಬಿಟ್ಟಾಗ, ಹಲವು ಮೂಲನಿವಾಸಿ ಕಲಾವಿದರು ಕೂಡಿ ಮಾಡಿದ ‘ಸ್ಟ್ಯಾಂಡ್ ಅಪ್’ ಹಾಡಿನಲ್ಲಿ ಸೂಪಾಮ್ಯಾನ್ ದನಿಯೂ ಇತ್ತು. 2017ರಲ್ಲಿ ಅದಕ್ಕೆ ಎಂಟಿವಿ ಪ್ರಶಸ್ತಿ ಬಂತು. ಕೊಳವೆಯಲ್ಲಿ ಎಣ್ಣೆ ಹರಿಯತೊಡಗಿದ್ದೂ ಅದೇ ವರ್ಷ.

ಕೇಳುವಾಗ ಫೋನಿನ ಸ್ಪೀಕರ್ ಬೇಡ, ಡೋಲಿನ ಮಂದ್ರ ಅದರಲ್ಲಿ ನಿಲ್ಲುವುದಿಲ್ಲ. ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ, ಮೊದಲ ಪೆಟ್ಟಿನಿಂದಲೇ ಕೇಳಿ.