ಮೂರನೇ ಪೆಡಲ್

ಬೈಯಪ್ಪನಹಳ್ಳಿ ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದಾದ ಒಂದು ಗ್ಯಾರೇಜಿನಲ್ಲಿ ಕಳೆದ ಮಳೆಗಾಲವಿಡೀ ಹಳೇ ಮರ್ಸಿಡಿಸ್ ಒಂದು ಸ್ಟ್ಯಾಂಡಿನ ಮೇಲೆ ನಿಂತಿತ್ತು. 1976ರಲ್ಲಿ ಬಂದ ಡಬ್ಲ್ಯು 123 ಸರಣಿಯ 300ಡಿ. ಐದು ಸಿಲಿಂಡರಿನ ಮೂರು ಲೀಟರ್ ಡೀಸೆಲ್. ಯಾವುದೋ ಕುಟುಂಬ ವಿದೇಶದಿಂದ ಮರಳುವಾಗ ಜೊತೆಗೆ ತಂದ ಗಾಡಿ. ಈಗಿನ ಮಾಲೀಕರು ಅದರ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇಳಿಸಿ ಮ್ಯಾನ್ಯುವಲ್ ಹಾಕಿಸುತ್ತಿದ್ದರು. ಕೆಲಸ ನಡೆದಷ್ಟು ದಿನ ನಾನು ಹೋಗಿ ನೋಡಿದ್ದೇನೆ, ಮುಗಿದ ಮೇಲೆ ಓಡಿಸಿಯೂ ನೋಡಿದ್ದೇನೆ. ಹಾಗಾಗಿ ಈ ಕಸುಬಿನ ಬಗ್ಗೆ ನನ್ನ ಅಭಿಪ್ರಾಯವನ್ನು ಬಿಚ್ಚಿ ಹೇಳುತ್ತೇನೆ.

ಮೊದಲು ಮೆಚ್ಚಬೇಕಾದದ್ದು. ಗೇರ್‌ಬಾಕ್ಸ್ ಬದಲಿಸುವುದೆಂದರೆ ಒಂದನ್ನು ಬಿಚ್ಚಿ ಇನ್ನೊಂದನ್ನು ಬಿಗಿಯುವುದು ಎಂದು ಅನೇಕರು ತಿಳಿದಿದ್ದಾರೆ. ಆಟೋಮ್ಯಾಟಿಕ್‌ನಲ್ಲಿ ಎಂಜಿನ್ನಿನ ಹಿಂದೆ ಇರುವುದು ತೆಳು ತಗಡಿನ ಫ್ಲೆಕ್ಸ್ ಪ್ಲೇಟ್ ಮತ್ತು ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್. ಆ ಜಾಗಕ್ಕೆ ಭಾರದ ಫ್ಲೈವೀಲ್, ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಎಲ್ಲ ಬರಬೇಕು. ಅಗಲವಾದ ಬ್ರೇಕ್ ಪೆಡಲ್ ಹೋಗಿ ಕಿರಿದಾದದ್ದು ಬರಬೇಕು, ಪಕ್ಕದಲ್ಲಿ ಮೂರನೆಯದು ಕೂರಬೇಕು. ಈ ಮಾದರಿಯಲ್ಲಿ ಕ್ಲಚ್ಚಿಗೂ ಬ್ರೇಕ್ ಆಯಿಲ್ ಡಬ್ಬಿಯಿಂದಲೇ ಎಣ್ಣೆ. ಆಟೋಮ್ಯಾಟಿಕ್ ಗಾಡಿಯ ಡಬ್ಬಿಯಲ್ಲಿ ಆ ಮೂತಿ ಮುಚ್ಚಿರುತ್ತದೆ. ಮೇಸ್ತ್ರಿ ಅದನ್ನು ಕೈ ಡ್ರಿಲ್‌ನಲ್ಲಿ ಕೊರೆದು, ಪ್ಲಾಸ್ಟಿಕ್ ಚೂರು ಒಂದೂ ಒಳಗೆ ಉಳಿಯದಂತೆ ಡಬ್ಬಿಯನ್ನು ಮೂರು ಸಲ ತೊಳೆದು, ಬೆಳಕಿಗೆ ಹಿಡಿದು ನೋಡಿದರು. ಅಷ್ಟು ಶ್ರದ್ಧೆ ದೊಡ್ಡ ಷೋರೂಮುಗಳಲ್ಲಿ ನನಗೆ ಕಂಡಿಲ್ಲ.

ಎಡವಿದ್ದು ಫ್ಲೈವೀಲ್ ವಿಷಯದಲ್ಲಿ. ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿದ್ದು ನಾಲ್ಕು ಸಿಲಿಂಡರಿನ 240ಡಿ ಗಾಡಿಯದು. ಬೋಲ್ಟುಗಳೆಲ್ಲ ಸರಿಯಾಗಿ ಕೂತವು. ಆದರೆ ಐದು ಸಿಲಿಂಡರಿನ ಎಂಜಿನ್ನಿನಲ್ಲಿ ಕ್ರ್ಯಾಂಕಿನ ತೂಕವನ್ನು ಸರಿದೂಗಿಸುವ ಒಂದು ಪಾಲು ಹಿಂದಿನ ಪ್ಲೇಟಿನ ಮೇಲೂ ಇರುತ್ತದೆ. ಹಳೇ ಫ್ಲೆಕ್ಸ್ ಪ್ಲೇಟನ್ನು ಮಾದರಿಯಾಗಿಟ್ಟುಕೊಂಡು ಹೊಸ ಫ್ಲೈವೀಲನ್ನು ಬ್ಯಾಲೆನ್ಸಿಂಗ್ ಮೆಷಿನ್ನಿನಲ್ಲಿ ಅದಕ್ಕೆ ಹೊಂದಿಸದೆ ಹಾಕುವಂತಿಲ್ಲ. ಅವಸರದಲ್ಲಿ ಹಾಗೇ ಹಾಕಿದರು. ಎಂಜಿನ್ ಚಾಲೂ ಆದಾಗ ಡ್ಯಾಶ್‌ಬೋರ್ಡಿನ ಮೇಲಿದ್ದ ನಟ್ಟು ನಡುಗುತ್ತ ಜಾರಿ ಕೆಳಗೆ ಬಿತ್ತು. ಮತ್ತೆ ಎಲ್ಲವನ್ನೂ ಇಳಿಸಿ, ತೂಕ ಹೊಂದಿಸಿ, ಏರಿಸಿದರು. ಎರಡನೇ ಸಲ ಎಂಜಿನ್ ಹೊಲಿಗೆ ಯಂತ್ರದಷ್ಟು ಹದವಾಗಿ ಓಡಿತು. ಹೊಂದಿಸಿಕೊಟ್ಟ ಹಿರಿಯ ಟರ್ನರ್ ಕೈಕೆಲಸ ಕಲಿತದ್ದು ಈ ಸುತ್ತಿನ ಕಾರ್ಖಾನೆಯಲ್ಲೇ. ಇತ್ತ ಎನ್‌ಜಿಇಎಫ್, ಅತ್ತ ದೂರವಾಣಿನಗರದ ಐಟಿಐ, ಇನ್ನೊಂದು ಬದಿಗೆ ಎಚ್‌ಎಎಲ್. ಎನ್‌ಜಿಇಎಫ್ 2002ರಲ್ಲಿ ಬಾಗಿಲು ಹಾಕಿದರೂ ಈ ಕಾರ್ಖಾನೆಗಳು ಬೆಳೆಸಿದ ಲೇತ್ ಕೈಗಳು ಪೂರ್ವ ಬೆಂಗಳೂರಿನ ಓಣಿಗಳಲ್ಲಿ ಇನ್ನೂ ಉಳಿದಿವೆ. ನಮ್ಮ ಹಳೇ ಗಾಡಿಗಳು ಓಡುತ್ತಿರುವುದು ಈ ಕೈಗಳಿಂದ.

ಒಂದು ಕಡೆ ಮಾತ್ರ ಕೆಲಸವನ್ನು ಒಪ್ಪಲಾರೆ. ಆಟೋಮ್ಯಾಟಿಕ್ ಗಾಡಿ ಪಾರ್ಕ್ ಇಲ್ಲವೇ ನ್ಯೂಟ್ರಲ್‌ನಲ್ಲಿದ್ದರೆ ಮಾತ್ರ ಸೆಲ್ಫ್ ಹೊಡೆಯುತ್ತದೆ. ಆ ಸ್ವಿಚ್ ತೆಗೆದು ಎರಡು ವೈರು ತಿರುಚಿ ಟೇಪು ಸುತ್ತಿಬಿಟ್ಟಿದ್ದರು. ಈಗ ಗೇರಿನಲ್ಲಿದ್ದಾಗ ಯಾರಾದರೂ ಕೀ ತಿರುಗಿಸಿದರೆ ಗಾಡಿ ಮುಂದಕ್ಕೆ ಹಾರುತ್ತದೆ. ಕ್ಲಚ್ ಪೆಡಲಿಗೆ ಒಂದು ಸ್ವಿಚ್ ಹಾಕಿದ್ದರೆ ಸಾಕಿತ್ತು. ಮಕ್ಕಳಿರುವ ಮನೆಯ ಗಾಡಿ ಅದು.

ಓಡಿಸಿದ ಅನುಭವ ಚೆನ್ನಾಗಿತ್ತು. ಈ ಎಂಜಿನ್ನಿನ ಶಕ್ತಿ 90 ಅಶ್ವಶಕ್ತಿಯನ್ನೂ ಮುಟ್ಟುವುದಿಲ್ಲ. ಇರುವ ಅಷ್ಟನ್ನೂ ಚಾಲಕ ತನಗೆ ಬೇಕಾದಾಗ ಬೇಕಾದ ಗೇರಿನಲ್ಲಿ ಬಳಸಿಕೊಳ್ಳಬಹುದು. ಭಾನುವಾರ ಬೆಳಗಿನ ಆರು ಗಂಟೆಗೆ ಹೊಸಕೋಟೆ ಕಡೆ ಹೊರಟಾಗ ಗಾಡಿ ಹತ್ತು ವರ್ಷ ಚಿಕ್ಕದಾದಂತಿತ್ತು. ಮರಳುವಾಗ ಕೆ.ಆರ್. ಪುರದ ತೂಗುಸೇತುವೆ ದಾಟಿ ಟಿನ್ ಫ್ಯಾಕ್ಟರಿ ಹತ್ತಿರ ಸಿಕ್ಕಿಬಿದ್ದೆವು. ಮುಕ್ಕಾಲು ಗಂಟೆ ಆ ಬಿಗಿ ಕ್ಲಚ್ಚನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಎಡ ಮಂಡಿ ಸೋತಿತು. ಈ ಊರಿನಲ್ಲಿ ದಿನಾ ಓಡಿಸುವವರಿಗೆ ಆಟೋಮ್ಯಾಟಿಕ್ಕೇ ಸುಖ.

ಆದರೆ ನನ್ನ ಮುಖ್ಯ ತಕರಾರು ಇದಕ್ಕಿಂತ ಹಿಂದಿನದು. ಗೇರ್‌ಬಾಕ್ಸ್ ಯಾಕೆ ಇಳಿಸಿದಿರಿ ಎಂದು ಮಾಲೀಕರನ್ನು ಕೇಳಿದ್ದೆ. "ಗೇರ್ ಬೀಳುವಾಗ ಒದೀತಿತ್ತು ಸಾರ್, ಬಾಕ್ಸ್ ಹೋಗಿದೆ ಅಂದ್ರು" ಎಂದರು. ಮಾತಿನ ನಡುವೆ ಇನ್ನೆರಡು ಸಂಗತಿ ಹೊರಬಂದವು: ಕೀ ಆಫ್ ಮಾಡಿದರೂ ಎಂಜಿನ್ ಸ್ವಲ್ಪ ಹೊತ್ತು ಓಡುತ್ತಿತ್ತು, ಬಾಗಿಲುಗಳ ಲಾಕು ಒಟ್ಟಿಗೆ ಬೀಳುತ್ತಿರಲಿಲ್ಲ. ಈ ಡೀಸೆಲ್ ಮರ್ಸಿಡಿಸ್‌ನಲ್ಲಿ ಎಂಜಿನ್ ನಿಲ್ಲಿಸುವುದು, ಬಾಗಿಲು ಲಾಕ್ ಮಾಡುವುದು, ಗೇರ್ ಮೆತ್ತಗೆ ಬೀಳುವಂತೆ ಒತ್ತಡ ಸರಿಹೊಂದಿಸುವುದು ಮೂರೂ ಒಂದೇ ವ್ಯಾಕ್ಯೂಮ್ ಪಂಪಿನಿಂದ. ಎಲ್ಲೋ ರಬ್ಬರ್ ಪೈಪು ಬಿರುಕು ಬಿಟ್ಟರೆ ಮೂರೂ ಕೆಡುತ್ತವೆ. ಇಳಿಸಿಟ್ಟ ಬಾಕ್ಸಿನ ಪಕ್ಕಕ್ಕೆ ಬರುವ ಪೈಪಿನ ತುದಿಯನ್ನು ನಾನೇ ಬೆರಳಿನಿಂದ ಒತ್ತಿ ನೋಡಿದೆ. ಹಳೇ ಹಪ್ಪಳದ ಹಾಗೆ ಪುಡಿಯಾಯಿತು. ಆ ಪೈಪು ಬದಲಿಸಿ ಮೊದಲು ಒಂದು ವಾರ ಓಡಿಸಿ ನೋಡಬೇಕಿತ್ತು.

ಈ ಕಸುಬು ಹುಟ್ಟಿದ್ದು ಬೇರೆ ಕಾಲದಲ್ಲಿ. ಜನರಲ್ ಮೋಟರ್ಸ್ 1954ರಲ್ಲಿ ಬೊಂಬಾಯಿಯ ಜೋಡಣಾ ಘಟಕ ಮುಚ್ಚಿ ಹೊರಟಿತು, ಆಮದಿಗೆ ಬೇಲಿ ಬಿತ್ತು. ದೊಡ್ಡ ಅಮೆರಿಕನ್ ಗಾಡಿಯ ಆಟೋಮ್ಯಾಟಿಕ್ ಕೆಟ್ಟರೆ ಸಾಮಾನೂ ಇಲ್ಲ, ಬಲ್ಲವರೂ ಇಲ್ಲ. ಸಿಕ್ಕಿದ ಗೇರ್‌ಬಾಕ್ಸ್ ಹಾಕಿ ಗಾಡಿ ಓಡಿಸಿದರು. ಹಾಗೆ ಮಾಡದಿದ್ದರೆ ಅವು ಕರಗಿ ಕಬ್ಬಿಣವಾಗುತ್ತಿದ್ದವು. ಆ ಮೇಸ್ತ್ರಿಗಳಿಗೆ ನನ್ನ ನಮಸ್ಕಾರ. ಆಮೇಲೆ ಬಂದ ಷೋಕಿ ಅಂಥದ್ದಲ್ಲ. ಫಿಯೆಟ್, ಅಂಬಾಸಿಡರ್‌ಗಳ ಹ್ಯಾಂಡ್ ಗೇರ್ ಕಿತ್ತು, ನೆಲದ ತಗಡು ಕೊರೆದು ಫ್ಲೋರ್ ಗೇರ್ ಮಾಡಿದರು. ಅದರೊಂದಿಗೆ ಮೂವರು ಕೂರುತ್ತಿದ್ದ ಮುಂದಿನ ಉದ್ದ ಸೀಟೂ ಹೋಯಿತು. ಕೊರೆದ ತಗಡು ಮತ್ತೆ ಮೊದಲಿನಂತಾಗುವುದಿಲ್ಲ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ಮೀರಿದ ಗಾಡಿ ವಿಂಟೇಜ್ ಎಂದು ನೋಂದಣಿಯಾಗಬೇಕಾದರೆ ಚಾಸಿ, ಬಾಡಿ, ಎಂಜಿನ್ ಮೂಲದ ರೂಪದಲ್ಲೇ ಇರಬೇಕು. ಕೊರೆಯುವ ಮುನ್ನ ಇದನ್ನು ನೆನೆಯಬೇಕು.

ಈ ಮರ್ಸಿಡಿಸ್‌ನಲ್ಲಿ ಬಾಡಿಯ ತಗಡನ್ನು ಎಲ್ಲೂ ಕೊರೆದಿಲ್ಲ, ಎಲ್ಲವೂ ಬೋಲ್ಟಿನ ಕೆಲಸ. ಹಾಗಾಗಿ ಕೆಲಸವನ್ನು ಒಪ್ಪುತ್ತೇನೆ, ತೀರ್ಮಾನವನ್ನು ಒಪ್ಪುವುದಿಲ್ಲ. ಇಂಥ ಗಾಡಿ ಇಟ್ಟುಕೊಂಡಿರುವವರಲ್ಲಿ ನನ್ನ ಕೋರಿಕೆ ಇಷ್ಟೇ: ಬಾಕ್ಸ್ ಇಳಿಸುವ ಮೊದಲು ವ್ಯಾಕ್ಯೂಮ್ ಪೈಪು, ಎಣ್ಣೆಯ ಮಟ್ಟ, ಫಿಲ್ಟರ್ ನೋಡಿಸಿ. ಇಳಿಸಲೇಬೇಕಾದರೆ ಇಳಿಸಿದ್ದನ್ನು ತೂಕಕ್ಕೆ ಹಾಕಬೇಡಿ. ಮೂತಿಗಳನ್ನು ಮುಚ್ಚಿ, ಎಣ್ಣೆ ಬಟ್ಟೆ ಸುತ್ತಿ, ಚೀಟಿ ಕಟ್ಟಿ ಒಣ ಜಾಗದಲ್ಲಿಡಿ. ಆ 300ಡಿಯ ಬಾಕ್ಸ್ ಈಗ ಮಾಲೀಕರ ಮನೆಯ ಮೆಟ್ಟಿಲ ಕೆಳಗಿದೆ. ಟಾರ್ಕ್ ಕನ್ವರ್ಟರೂ ಆ ಫ್ಲೆಕ್ಸ್ ಪ್ಲೇಟೂ ಅದರ ಜೊತೆಗಿವೆ.