‘ವೆನಿಸ್‌ನಲ್ಲಿ ಸಾವು’: ಕಲಾವಿದನ ಸಂಯಮದ ವಿಚಾರ

ಜರ್ಮನ್ ಲೇಖಕ ಥಾಮಸ್ ಮಾನ್ ಅವರ ‘ವೆನಿಸ್‌ನಲ್ಲಿ ಸಾವು’ 1912ರಲ್ಲಿ ಪ್ರಕಟವಾದ ನೀಳ್ಗತೆ. ಐವತ್ತು ದಾಟಿದ ಪ್ರಸಿದ್ಧ ಗ್ರಂಥಕರ್ತ ಆಶೆನ್‌ಬಾಖ್ ಮ್ಯೂನಿಚ್ ನಗರದಿಂದ ವೆನಿಸಿಗೆ ಬರುತ್ತಾನೆ. ತಾಡ್ಜಿಯೊ ಎಂಬ ಪೋಲಿಷ್ ಬಾಲಕನ ಚೆಲುವಿಗೆ ಮರುಳಾಗಿ, ಕಾಲರಾ ಹಬ್ಬಿದ ಊರನ್ನು ಬಿಡಲಾರದೆ ಅಲ್ಲಿಯೇ ಸಾಯುತ್ತಾನೆ. ಸಂಯಮವು ಮೋಹಕ್ಕೆ ಸೋತ ಕಥೆಯೆಂದು ಇದನ್ನು ವಿವರಿಸುವುದುಂಟು. ಆದರೆ ಸೋತದ್ದು ಎಂತಹ ಸಂಯಮವೆಂಬುದು ಮೊದಲು ನಿರ್ಣಯವಾಗಬೇಕು.

ಆಶೆನ್‌ಬಾಖನ ದಿನಚರಿಯನ್ನು ಮಾನ್ ಎರಡನೆಯ ಅಧ್ಯಾಯದಲ್ಲಿ ಚಿತ್ರಿಸಿದ್ದಾರೆ. ಮುಂಜಾನೆ ಎದೆ ಬೆನ್ನುಗಳಿಗೆ ತಣ್ಣೀರು ಸುರಿದುಕೊಂಡು, ಹಸ್ತಪ್ರತಿಯ ತಲೆಗಡೆ ಎರಡು ಮೇಣದ ಬತ್ತಿಗಳನ್ನು ಹಚ್ಚಿಟ್ಟು ಅವನು ಬರೆಯಲು ಕೂಡುತ್ತಾನೆ. ಒಂದೇ ಉಸಿರಿನಲ್ಲಿ ಹೊರಹೊಮ್ಮಿದವೆಂದು ಲೋಕ ಭಾವಿಸಿದ ಅವನ ಕೃತಿಗಳು ವಾಸ್ತವವಾಗಿ ದಿನದಿನದ ಚಿಕ್ಕಚಿಕ್ಕ ಸ್ಫುರಣೆಗಳನ್ನು ಪೇರಿಸಿ ಕಟ್ಟಿದವು. ಲಿಪಿಕಾರರ ಶ್ರಮವನ್ನು ಬಲ್ಲವರಿಗೆ ಈ ನಿಷ್ಠೆಯಲ್ಲಿ ಗೌರವ ಹುಟ್ಟುವುದು ಸಹಜ. ಆದರೆ ಅವನು ಸದಾ ಮುಷ್ಟಿ ಬಿಗಿದಂತೆ ಬದುಕಿದವನೆಂದು ಕಥೆಯಲ್ಲಿಯೇ ಒಬ್ಬ ಸೂಕ್ಷ್ಮಜ್ಞನು ಗುರುತಿಸುತ್ತಾನೆ. ಬಿಗಿದ ಮುಷ್ಟಿ ಬಲದ ಗುರುತೇ ಹೊರತು ಶಾಂತಿಯ ಗುರುತಲ್ಲ. ತಳದಲ್ಲಿ ಕೆಸರು ಕುಳಿತ ನೀರು ತಿಳಿಯಾಗಿಯೇ ಕಾಣುತ್ತದೆ. ಕಲಕಿದಾಗ ಅದರ ನಿಜ ತಿಳಿಯುತ್ತದೆ. ಉಪಶಮವನ್ನೇ ಕ್ಷಯವೆಂದು ಬಗೆದದ್ದು ಆಶೆನ್‌ಬಾಖನ ತಪ್ಪು.

ಹಸ್ತಪ್ರತಿಗಳ ಅಭ್ಯಾಸಿಗಳಿಗೆ ವಿಶೇಷವಾಗಿ ವಿಚಾರಾರ್ಹವಾದ ಸಂದರ್ಭವೊಂದು ನಾಲ್ಕನೆಯ ಅಧ್ಯಾಯದಲ್ಲಿದೆ. ಕಡಲ ದಂಡೆಯಲ್ಲಿ ಬಾಲಕನನ್ನು ಕಣ್ಣೆದುರಿಗಿಟ್ಟುಕೊಂಡು ಆಶೆನ್‌ಬಾಖ್ ಒಂದೂವರೆ ಪುಟದ ಗದ್ಯವನ್ನು ರಚಿಸುತ್ತಾನೆ. ಲೋಕವು ಕೃತಿಯ ಸೌಂದರ್ಯವನ್ನು ಮಾತ್ರ ಅರಿತು, ಅದರ ಮೂಲವನ್ನು ಅರಿಯದಿರುವುದೇ ಒಳಿತೆಂದು ಅಲ್ಲಿ ನಿರೂಪಕನು ಅಭಿಪ್ರಾಯಪಡುತ್ತಾನೆ. ಮೂಲವನ್ನು ಅರಸುವುದೇ ವೃತ್ತಿಯಾಗಿರುವ ನಾವು ಇದನ್ನು ಒಪ್ಪಬಹುದೆ?

ಉತ್ತರವನ್ನು ಗ್ರಂಥಕರ್ತರ ಕಾಗದಗಳೇ ಕೊಡುತ್ತವೆ. ಮಾನ್ 1911ರಲ್ಲಿ ವೆನಿಸಿನ ಲೀಡೊ ದ್ವೀಪದಲ್ಲಿ ತಂಗಿದ್ದಾಗ ವಾಗ್ನರ್ ಕುರಿತ ಕಿರುಲೇಖನವೊಂದನ್ನು ಹೋಟೆಲಿನ ಕಾಗದದ ಮೇಲೆಯೇ ಬರೆದರು. ಈ ಕಥೆಗಾಗಿ ಅವರು ಮಾಡಿಕೊಂಡ ಟಿಪ್ಪಣಿಗಳು ಜ್ಯೂರಿಕ್‌ನ ಸಂಗ್ರಹಾಲಯದಲ್ಲಿ ಉಳಿದಿವೆ. ಪ್ಲೇಟೊ, ಪ್ಲುಟಾರ್ಕ್ ಮೊದಲಾದವರಿಂದ ಎತ್ತಿಕೊಂಡ ಭಾಗಗಳ ಜೊತೆಗೆ ಕಾಲರಾ ಕುರಿತ ವಿವರಗಳೂ ಅಲ್ಲಿವೆ. ಇವುಗಳನ್ನು ಅರಿತುದರಿಂದ ಕೃತಿಯ ಬೆಲೆ ಕುಂದಲಿಲ್ಲ. ನಿರೂಪಕನ ಮಾತು ಆಶೆನ್‌ಬಾಖನ ಸಮರ್ಥನೆಯೇ ಹೊರತು ಕೃತಿಯ ಸಿದ್ಧಾಂತವಲ್ಲವೆಂದು ಇದರಿಂದ ಹೇಳಬಹುದು.

ಮರೆಮಾಚುವಿಕೆಯೇ ಈ ಕಥೆಯ ನಿಜವಾದ ರೋಗ. ಪ್ರವಾಸಿಗರ ಹಣ ತಪ್ಪೀತೆಂದು ನಗರದ ಅಧಿಕಾರಿಗಳು ಕಾಲರಾ ಸುದ್ದಿಯನ್ನು ಮುಚ್ಚಿಡುತ್ತಾರೆ. ಇಂಗ್ಲಿಷ್ ಪ್ರಯಾಣ ಕಚೇರಿಯ ಗುಮಾಸ್ತನಿಂದ ನಿಜವನ್ನು ತಿಳಿದ ಆಶೆನ್‌ಬಾಖನೂ ಬಾಲಕನ ತಾಯಿಗೆ ಎಚ್ಚರಿಕೆ ಹೇಳದೆ ಸುಮ್ಮನಾಗುತ್ತಾನೆ; ಅವರು ಹೊರಟುಹೋದಾರೆಂಬ ಅಂಜಿಕೆ ಅವನಿಗೆ. ಅವನ ಪತನ ಪೂರ್ಣವಾಗುವುದು ಈ ಮೌನದಲ್ಲಿಯೇ ಎಂಬುದು ನನ್ನ ನಿಲುವು. ಕ್ಷೌರಿಕನ ಅಂಗಡಿಯಲ್ಲಿ ಕೂದಲಿಗೆ ಬಣ್ಣ ಹಚ್ಚಿಸಿಕೊಂಡುದು ನಗೆಪಾಟಲು. ಒಂದು ಮಗುವಿನ ಪ್ರಾಣಕ್ಕೆ ಅಪಾಯವಿದೆಯೆಂದು ತಿಳಿದೂ ಬಾಯಿ ಬಿಡದಿದ್ದುದು ಅಪರಾಧ.

ಮಾನ್ ಅವರ ಶೈಲಿಯೂ ಆಶೆನ್‌ಬಾಖನ ಶೈಲಿಯಂತೆಯೇ ಬಿಗಿಯಾದುದು. ಆದರೆ ಒಬ್ಬನ ಬಿಗಿ ತನ್ನನ್ನು ಮುಚ್ಚಿಕೊಳ್ಳಲು. ಇನ್ನೊಬ್ಬರದು ಮುಚ್ಚಿದುದನ್ನು ತೆರೆದು ತೋರಲು. ಸಂಯಮವು ಸತ್ಯದ ಸೇವೆಯಲ್ಲಿರುವತನಕ ಮಾತ್ರ ಸಂಯಮವೆಂಬ ನಿರ್ಣಯಕ್ಕೆ ಈ ಕಿರುಕೃತಿ ನಮ್ಮನ್ನು ತಂದು ನಿಲ್ಲಿಸುತ್ತದೆ.