ಇರುಳಿಡೀ ಹಾಡುವ ದನಿ: ತೆಂಕುತಿಟ್ಟಿನ ಹಿಮ್ಮೇಳ ಮತ್ತು ಬಲಿಪ ಶೈಲಿ

1972ರ ಆಗಸ್ಟ್ 27ರಂದು ಅಮೆರಿಕದ ಓರೆಗಾನ್ ರಾಜ್ಯದ ವೆನೀಟಾದಲ್ಲಿ, ಸುಡುಬಿಸಿಲ ಬಯಲಿನಲ್ಲಿ ಗ್ರೇಟ್‌ಫುಲ್ ಡೆಡ್ ತಂಡ ಕೊಟ್ಟ ಕಛೇರಿ ಸೈಕೆಡೆಲಿಕ್ ರಾಕ್ ಪ್ರಿಯರಿಗೆ ಇಂದಿಗೂ ದಂತಕತೆ. ಕಷ್ಟದಲ್ಲಿದ್ದ ಒಂದು ಡೈರಿಯ ನೆರವಿಗೆಂದು ನಡೆದ ಆ ಕಛೇರಿಯಲ್ಲಿ ‘ಡಾರ್ಕ್ ಸ್ಟಾರ್’ ಎಂಬ ಒಂದೇ ಹಾಡು ಸುಮಾರು ಅರ್ಧ ಗಂಟೆ ಬೆಳೆಯಿತು. ತೆರೆದ ಆಕಾಶ, ಗಡಿಯಾರ ನೋಡದ ವಾದ್ಯಗಾರರು, ಆಗಿಂದಾಗ ಹುಟ್ಟುವ ನುಡಿಸಾಣಿಕೆ, ಮೈಮರೆತ ಜನ. ಇದೆಲ್ಲ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕೊಯ್ಲು ಮುಗಿದ ಗದ್ದೆಗಳಿಗೆ ತಲೆಮಾರುಗಳಿಂದ ಗೊತ್ತಿರುವ ಸಂಗತಿ. ಯಕ್ಷಗಾನ ಮೇಳಗಳು ಗೆಜ್ಜೆ ಕಟ್ಟಿದಲ್ಲಿಂದ ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ ಇಲ್ಲಿ ಆಟವಿಲ್ಲದ ರಾತ್ರಿ ವಿರಳ.

ಆದರೆ ನಮ್ಮ ವಿಮರ್ಶೆ ಆಟವನ್ನು ನೋಡಿದಷ್ಟು ಕೇಳಿಲ್ಲ. ಬಣ್ಣದ ವೇಷದ ಮುಖವರ್ಣಿಕೆಯ ಬಗ್ಗೆ, ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥಗಾರಿಕೆಯ ಬಗ್ಗೆ ಬಂದಷ್ಟು ಬರಹ ಪದ್ಯ ಹಾಡಿ ಆಟ ನಡೆಸುವ ಭಾಗವತರ ಬಗ್ಗೆ ಬರಲಿಲ್ಲ. ಶಿವರಾಮ ಕಾರಂತರು ರಾಗ, ತಾಳಗಳಿಗೆ ಕಿವಿಗೊಟ್ಟರು, ನಿಜ. ಅವರ ಪ್ರಯೋಗಗಳು ಮಾತ್ರ ಬಡಗುತಿಟ್ಟಿನ ಕಡೆಗೇ ಒಲಿದವು. ತೆಂಕಿನ ಹಿಮ್ಮೇಳವನ್ನು ಒಂದು ಸ್ವತಂತ್ರ ಸಂಗೀತಪರಂಪರೆಯಾಗಿ ತೂಗಿ ನೋಡುವ ಕೆಲಸ ಇನ್ನೂ ಆಗಬೇಕಾಗಿಯೇ ಇದೆ.

ತೂಗುವುದಕ್ಕೆ ಬಲಿಪ ಶೈಲಿಗಿಂತ ಒಳ್ಳೆಯ ಕಲ್ಲು ನನಗೆ ಕಾಣುವುದಿಲ್ಲ. 1938ರಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರು ಅದೇ ಹೆಸರಿನ ತಮ್ಮ ಅಜ್ಜನಿಂದ ಹಾಡನ್ನು ಪಡೆದವರು. ಕಾಸರಗೋಡಿನ ಪಡ್ರೆಯಿಂದ ಬಂದು ಮೂಡುಬಿದಿರೆ ಬಳಿಯ ಮಾರೂರಿನಲ್ಲಿ ನೆಲೆಸಿ, ಕಟೀಲು ಮೇಳದಲ್ಲಿ ದಶಕಗಳ ಕಾಲ ಹಾಡಿ, 2023ರ ಫೆಬ್ರವರಿಯಲ್ಲಿ ತೀರಿಕೊಂಡರು. ಪ್ರಸಂಗದ ಪುಸ್ತಕ ಎದುರಿಗಿಲ್ಲದೆಯೇ ಇಡೀ ರಾತ್ರಿ ಆಡಿಸಬಲ್ಲವರಾಗಿದ್ದರು. ಐದು ದಿನ ನಡೆಯುವ ‘ದೇವಿ ಮಹಾತ್ಮೆ’ಯನ್ನೂ ಬರೆದರು. ಏರುಶ್ರುತಿಯ ಆ ಕಂಠ ಮೈಕಿಲ್ಲದ ಕಾಲದ ಶಿಸ್ತಿನಲ್ಲಿ ತಯಾರಾದದ್ದು. ಗದ್ದೆಯ ಕೊನೆಯ ಅಂಚಿನಲ್ಲಿ ಚಾಪೆ ಹಾಸಿ ಕುಳಿತವನಿಗೂ ಪದ್ಯದ ಅಕ್ಷರ ಅಕ್ಷರವೂ ತಲುಪಬೇಕೆಂಬ ಹಟ ಅದರಲ್ಲಿತ್ತು.

ಅವರ ದೊಡ್ಡತನ ಇದ್ದದ್ದು ರಾಗವನ್ನು ಎಷ್ಟು ಬೆಳೆಸಿದರು ಎಂಬುದರಲ್ಲಲ್ಲ, ಎಲ್ಲಿ ತಡೆದರು ಎಂಬುದರಲ್ಲಿ. ವೆನೀಟಾದಲ್ಲಿ ಹಾಡು ತನ್ನಷ್ಟಕ್ಕೆ ಅಲೆಯಬಹುದಿತ್ತು, ಅದಕ್ಕೆ ಕಥೆಯ ಹಂಗಿರಲಿಲ್ಲ. ಭಾಗವತನ ಮುಂದೆ ಒಬ್ಬ ವೇಷಧಾರಿ ನಿಂತಿರುತ್ತಾನೆ, ಅವನ ಹೆಜ್ಜೆ, ಅವನ ದಣಿವು, ಮುಂದಿನ ಪಾತ್ರ ಬಣ್ಣ ಹಚ್ಚುವ ಚೌಕಿಯಲ್ಲಿ ಸಿದ್ಧವಾಯಿತೋ ಇಲ್ಲವೋ ಎಂಬ ಲೆಕ್ಕ, ಎಲ್ಲವೂ ಜಾಗಟೆಯ ಒಂದು ಪೆಟ್ಟಿನಲ್ಲಿ ತೀರ್ಮಾನವಾಗಬೇಕು. ‘ದೇವಿ ಮಹಾತ್ಮೆ’ಯ ಮಹಿಷಾಸುರನ ಪ್ರವೇಶವನ್ನೇ ನೋಡಿ. ನಡುರಾತ್ರಿ ಮೀರಿ ನಿದ್ದೆ ಕಣ್ಣಿಗೆ ಇಳಿಯುತ್ತಿರುವ ಹೊತ್ತಿಗೆ ಸಭೆಯ ಹಿಂದಿನಿಂದ ದೊಂದಿ ಹೊತ್ತಿಕೊಳ್ಳುತ್ತದೆ, ರಾಳದ ಪುಡಿ ಬಿದ್ದು ಬೆಂಕಿ ಭುಗಿಲೇಳುತ್ತದೆ, ಚೆಂಡೆ ಎದೆಗೆ ಬಡಿಯುತ್ತದೆ. ಅದು ಮೈನಡುಗಿಸುವುದು ಅದಕ್ಕೂ ಮೊದಲಿನ ನಾಲ್ಕೈದು ಗಂಟೆ ಹಿಮ್ಮೇಳ ಕಸುವನ್ನು ಕೂಡಿಟ್ಟುಕೊಂಡದ್ದರಿಂದ.

ಶೈಲಿ ಒಂದೇ ಆಗಿರಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಧರ್ಮಸ್ಥಳ ಮೇಳದಲ್ಲಿ ಕಡತೋಕ ಮಂಜುನಾಥ ಭಾಗವತರು ಭಾವಕ್ಕೆ ಬೇರೆಯೇ ಬಾಗು ಕೊಟ್ಟರು. ಕರ್ನಾಟಕ ಮೇಳದ ದಾಮೋದರ ಮಂಡೆಚ್ಚರು ಶಾಸ್ತ್ರೀಯ ಸಂಗೀತದ ಇಂಪನ್ನು ತಂದರು. ತುಳು ಪ್ರಸಂಗಗಳಿಗೆ ಅದು ಒಪ್ಪಿತು, ಹೊಸ ಕೇಳುಗರು ಬಂದರು. ಮಂಡೆಚ್ಚರಲ್ಲಿ ಹದವಾಗಿದ್ದದ್ದು ಅವರನ್ನು ಅನುಕರಿಸಿದವರಲ್ಲಿ ಹದ ತಪ್ಪಿತು ಎಂದೇ ನನ್ನ ಅಭಿಪ್ರಾಯ. ಈಗ ಒಂದು ಶೃಂಗಾರಪದ್ಯಕ್ಕೆ ಕಛೇರಿಯಷ್ಟು ಆಲಾಪನೆ, ಯುದ್ಧಪದ್ಯಕ್ಕೆ ಚೆಂಡೆಗಳ ಜುಗಲ್ಬಂದಿ, ಎಣಿಸಿ ಎಣಿಸಿ ಚಪ್ಪಾಳೆ ಗಿಟ್ಟಿಸುವ ಗಿರ್ಕಿ. ನೆಡ್ಲೆ ನರಸಿಂಹ ಭಟ್ಟರಂಥವರ ಚೆಂಡೆ ಪದ್ಯದ ಬೆನ್ನಿಗೆ ನಿಲ್ಲುತ್ತಿತ್ತು. ಇಂದಿನ ಧ್ವನಿವರ್ಧಕದ ಚೆಂಡೆ ಪದ್ಯವನ್ನು ಮುಳುಗಿಸುತ್ತದೆ. ಸಾಹಿತ್ಯ ಕೇಳಿಸದ ಮೇಲೆ ಮುಂದೆ ಬರುವ ಅರ್ಥಕ್ಕೆ ನೆಲೆಯೆಲ್ಲಿ?

ಇಡೀ ರಾತ್ರಿಯ ಆಟವನ್ನು ಮೊಟಕುಗೊಳಿಸುವ ಕಾಲಮಿತಿಯ ಪ್ರಶ್ನೆ ಇನ್ನೂ ಕಠಿಣ. ಧರ್ಮಸ್ಥಳ ಮೇಳ ಅದನ್ನು ಮೊದಲೇ ಒಪ್ಪಿಕೊಂಡಿತು. 2022ರಲ್ಲಿ ರಾತ್ರಿ ಧ್ವನಿವರ್ಧಕದ ನಿರ್ಬಂಧದಿಂದ ಕಟೀಲು ಮೇಳಗಳೂ ಹೊತ್ತಿಗೆ ಮುಂಚೆ ಮಂಗಳ ಹಾಡಬೇಕಾಯಿತು. ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದವರ, ನೆರೆಮನೆಯ ರೋಗಿಗಳ, ಪರೀಕ್ಷೆಗೆ ಓದುವ ಮಕ್ಕಳ ನಿದ್ದೆ ಸಣ್ಣ ವಿಷಯವಲ್ಲ. ಆದರೆ ಕತ್ತರಿ ಮೊದಲು ಬೀಳುವುದು ಎಲ್ಲಿಗೆ? ಪೂರ್ವರಂಗಕ್ಕೆ, ಬಣ್ಣದ ವೇಷದ ತೆರೆಕುಣಿತಕ್ಕೆ, ವಿಳಂಬ ಗತಿಯ ಪದ್ಯಗಳಿಗೆ. ಪೂರ್ವರಂಗದ ಕೋಡಂಗಿ, ಬಾಲಗೋಪಾಲ, ಷಣ್ಮುಖ ಸುಬ್ರಾಯ, ಅರ್ಧನಾರೀಶ್ವರ: ಎಳೆಯ ಭಾಗವತ ತಾಳ ಕಲಿತದ್ದು, ಎಳೆಯ ವೇಷಧಾರಿ ಹೆಜ್ಜೆ ಕಲಿತದ್ದು ಈ ಹೊತ್ತಿನಲ್ಲಿ. ಯಾರೂ ಅಷ್ಟಾಗಿ ಗಮನಿಸದ ಆ ಗಂಟೆಗಳೇ ತೆಂಕಿನ ಪಾಠಶಾಲೆ.

ಹೌದು, ಧರ್ಮಸ್ಥಳದ ಯಕ್ಷಗಾನ ಕೇಂದ್ರ 1970ರ ದಶಕದಲ್ಲೇ ಮೇಳದ ಹೊರಗೆ ಕ್ರಮಬದ್ಧ ತರಬೇತಿ ಆರಂಭಿಸಿತು, ಮೂಡುಬಿದಿರೆಯ ಆಳ್ವಾಸ್ ವಿದ್ಯಾಸಂಸ್ಥೆಯಲ್ಲಿ ವಿದ್ಯಾರ್ಥಿಗಳು ಗೆಜ್ಜೆ ಕಟ್ಟುತ್ತಾರೆ. ತರಗತಿಯಲ್ಲಿ ತ್ರಿವುಡೆ, ಝಂಪೆ, ಅಷ್ಟ ತಾಳಗಳನ್ನು ಖಂಡಿತ ಕಲಿಸಬಹುದು, ಕಲಿಸುತ್ತಿದ್ದಾರೆ ಕೂಡ. ಆದರೆ ಬೆಳಗಿನ ಜಾವಕ್ಕೆ ಕಂಠವನ್ನು ಉಳಿಸಿಟ್ಟುಕೊಳ್ಳುವುದನ್ನು, ದಣಿದ ಮಹಿಷನಿಗಾಗಿ ಒಂದು ಪದ್ಯವನ್ನು ಹಿಗ್ಗಿಸುವುದನ್ನು ಕಲಿಯಲು ಇಡೀ ರಾತ್ರಿಯೇ ಬೇಕು. ವರ್ಷಕ್ಕೆ ಕೆಲವಾದರೂ ಆಟಗಳನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಪೂರ್ವರಂಗದಿಂದ ಮಂಗಳದವರೆಗೆ ಕತ್ತರಿಯಿಲ್ಲದೆ, ಮೈಕಿನ ಸದ್ದು ತಗ್ಗಿಸಿ, ಎಳೆಯ ಭಾಗವತರ ಕೈಯಲ್ಲೇ ಜಾಗಟೆ ಕೊಟ್ಟು ಆಡಿಸಲು ಮೇಳಗಳ ಯಜಮಾನರೂ ಹರಕೆ ಹೊತ್ತ ಮನೆಯವರೂ ಮನಸ್ಸು ಮಾಡಬೇಕು.